ಏಣಿತಂತಿಯ ನೇಮ

ಹಯವದನಾಚಾರ್ಯರಿಗೆ ರೇಡಿಯೋದ ಹವ್ಯಾಸ. ಅವರ ಮಾತಿನ ಶಕ್ತಿಯನ್ನು ಮಾಡಿನ ಮೇಲಿನ ಆಂಟೆನಾಕ್ಕೆ ಹೊತ್ತೊಯ್ಯುವುದು ದಪ್ಪ ಕರಿ ಕೇಬಲ್ಲಿನ ಕೆಲಸ. ಆಂಟೆನಾ ಒಂದೇ, ಅಲೆಯ ಅಳತೆಗಳು ಹಲವು. ಅಳತೆ ಒಗ್ಗದಿದ್ದರೆ ಆಂಟೆನಾ ಅರ್ಧ ಶಕ್ತಿಯನ್ನು ಹಿಂದಕ್ಕೆ ಅಟ್ಟುತ್ತಿತ್ತು.

ಒಂದು ಬೆಳಿಗ್ಗೆ ದ್ವೀಪದ ದೀಪಸ್ತಂಭಕ್ಕೆ ಬಿರುಗಾಳಿಯ ಸುದ್ದಿ ಮುಟ್ಟಿಸಬೇಕಾಯಿತು. ಅಲ್ಲಿ ದೋಣಿಗಳು ಹೊರಡುವುದರಲ್ಲಿದ್ದವು. ಆಚಾರ್ಯರು ಮೂರು ಸಲ ಕೂಗಿದರೂ ಉತ್ತರವಿಲ್ಲ.

"ಏನಪ್ಪಾ, ಆಂಟೆನಾ ಏನಾದರೂ ಹಿಂದಕ್ಕೆ ಕೊಟ್ಟಿತೇ?" ಎಂದು ಕೇಬಲ್ಲನ್ನು ಕೇಳಿದರು.

"ಚಿಟಿಕೆಯಷ್ಟೂ ಇಲ್ಲ, ಒಡೆಯಾ. ಬೇಕಾದರೆ ಮೀಟರನ್ನೇ ಕೇಳಿ," ಎಂದಿತು ಕೇಬಲ್.

ರೇಡಿಯೋದ ಬಾಗಿಲಲ್ಲಿ ಕೂತು, ಮರಳಿದ ಶಕ್ತಿಯನ್ನು ಅಳೆಯುವ ಮೀಟರು ಹೌದೆಂದಿತು. ಪಾಪ, ಬಾಗಿಲಿಗೆ ಮರಳಿದ್ದಷ್ಟೇ ಅದಕ್ಕೆ ಕಾಣುವುದು.

ಆಚಾರ್ಯರು ಕೇಬಲ್ಲನ್ನು ಮುಟ್ಟಿದರು. "ಮತ್ತೆ ನಿನ್ನ ಮೈ ಯಾಕೆ ಇಷ್ಟು ಬಿಸಿ?"

ಹೋಗುವಾಗಲೂ ಬರುವಾಗಲೂ ಕೇಬಲ್ ಆ ಶಕ್ತಿಯನ್ನು ದಾರಿಯಲ್ಲೇ ಉಂಡಿತ್ತು; ಅದೇ ಮೈಯ ಬಿಸಿ.

ಆಚಾರ್ಯರು ಕೇಬಲ್ಲನ್ನು ಬಿಚ್ಚಿ, ಮೂಲೆಯಲ್ಲಿದ್ದ ಏಣಿತಂತಿಯನ್ನು ಜೋಡಿಸಿದರು. ಎರಡು ಬರಿಯ ತಂತಿ, ನಡುನಡುವೆ ಕಡ್ಡಿ, ಅಷ್ಟೇ.

"ಈ ಬಡಕಲನೇ?" ಎಂದು ಕೇಬಲ್ ನಕ್ಕಿತು.

ಏಣಿತಂತಿ ಹೋಗಿಬಂದು, "ಆಂಟೆನಾ ಅರ್ಧ ಮರಳಿಸಿತು, ಒಡೆಯಾ. ಇಗೋ, ಅಷ್ಟೂ ಇದೆ. ಮತ್ತೆ ಹೊರಿಸಿ," ಎಂದಿತು. ಆಚಾರ್ಯರು ಹೊರಿಸಿದರು. ಅದು ಮತ್ತೆ ಹೋಯಿತು, ಮತ್ತೆ ಬಂತು, ಹೊರೆಯೆಲ್ಲ ಮುಗಿಯುವವರೆಗೂ ನಡೆಯಿತು.

ಆಗ ದ್ವೀಪದ ದನಿ ಕೇಳಿಸಿತು: "ಆಚಾರ್ಯರೇ, ದೋಣಿಗಳನ್ನು ತಡೆದೆವು."

ಆಚಾರ್ಯರು ತಂತಿಗೆ ಕೈಮುಗಿದರು. ಕೇಬಲ್ ಮೆಲ್ಲಗೆ, "ಅಷ್ಟು ಸಲ ತಿರುಗಿದೆ, ಒಂದು ತುತ್ತಿಗೂ ಆಸೆಯಾಗಲಿಲ್ಲವೇ?" ಎಂದಿತು.

"ನೈವೇದ್ಯಕ್ಕೆಂದು ಕೊಟ್ಟದ್ದಲ್ಲವೇ, ಅಣ್ಣಾ," ಎಂದಿತು ಏಣಿತಂತಿ.