ಪಡಸಾಲೆಯ ಡಬ್ಬಿಯನ್ನು ತಗ್ಗಿಸಿದ ಸೊಸೆ

“ಗುರುಗಳೇ, ನಾನು ಹೇಳಿದ್ದು ಊರಿನವರಿಗೆಲ್ಲ ಮುಟ್ಟುತ್ತದೆ. ಆದರೂ ಅವರಲ್ಲಿ ಒಬ್ಬರೂ ತಮ್ಮ ಕಷ್ಟವನ್ನು ನನ್ನ ಬಳಿ ಹೇಳಿಕೊಳ್ಳುವುದಿಲ್ಲ. ಇದು ಏಕೆ?”

ಹೀಗೆ ಕೇಳಿದವನು ಮಠದ ಹಿರಿಯ ಶಿಷ್ಯ. ಪೇಟೆಯ ಶಾಖೆಯನ್ನು ಗುರು ಅವನಿಗೆ ವಹಿಸಿದ್ದರು. ಅವನು ಒಳ್ಳೆಯ ಮಾತುಗಾರ. ಸಂಜೆ ಪ್ರವಚನ ಮಾಡುತ್ತಿದ್ದ. ಬೆಳಿಗ್ಗೆ ಮಂದಿಯ ಫೋನಿಗೆ ಹಿತವಚನ ಕಳಿಸುತ್ತಿದ್ದ. ಕೇರಿಗಳಲ್ಲಿ ಜನರ ನಡುವೆ ಇರಲೆಂದು ಇಬ್ಬರು ಕಿರಿಯ ಸಾಧಕರನ್ನೂ ಅವನ ಜೊತೆ ಕಳಿಸಲಾಗಿತ್ತು. ಅವರ ಬಳಿಗೂ ಯಾರೂ ಹೋಗುತ್ತಿರಲಿಲ್ಲ.

“ನನ್ನ ಮಾತು ಇನ್ನೂ ಜೋರಾಗಬೇಕೇನೋ” ಎಂದು ಶಿಷ್ಯ ಸೇರಿಸಿದ.

ಗುರು ಅವನಿಗೆ ಕುಳಿತುಕೊಳ್ಳಲು ಹೇಳಿ ಈ ಕತೆಯನ್ನು ಹೇಳಿದರು.

ತುಂಗಭದ್ರೆಯ ದಡದ ಒಂದು ಪೇಟೆಯಲ್ಲಿ ಒಬ್ಬ ಬೀಜದ ವ್ಯಾಪಾರಿ ಇದ್ದ. ಅವನದು ಕಲ್ಲಿನ ಮನೆ, ಉದ್ದನೆಯದು. ಮುಂದಿನ ಪಡಸಾಲೆಯೇ ಅಂಗಡಿ. ಹಿಂದೆ ಅಡುಗೆಮನೆ, ಅದರ ಪಕ್ಕಕ್ಕೆ ಒಂದು ಕೋಣೆ. ಮೇಲೆ ಒಂದು ಅಂತಸ್ತು. ವ್ಯಾಪಾರಿ, ಅವನ ಹೆಂಡತಿ, ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯಂದಿರು ಅಲ್ಲಿ ಕೂಡಿ ಬಾಳುತ್ತಿದ್ದರು.

ಕಿರಿಯ ಸೊಸೆಯ ಹೆಸರು ನೀಲಾಂಬಿಕೆ. ಅವಳಿಗೆ ಹುಟ್ಟಿನಿಂದ ಕಿವಿ ಕೇಳಿಸದು, ಬಾಯಿಯಿಂದ ಮಾತಿಲ್ಲ. ಅವಳ ತಾಯಿಯೂ ಹಾಗೆಯೇ. ತಾಯಿಗೆ ಓದು ಬರಹ ಇಲ್ಲ, ಮಗಳಿಗೆ ಇತ್ತು. ತಾಯಿ ಮಗಳ ನಡುವಿನ ಮಾತೆಲ್ಲ ಕೈಸನ್ನೆಯಲ್ಲಿ ನಡೆಯುತ್ತಿತ್ತು. ನೀಲಾಂಬಿಕೆಯ ಗಂಡ ಆ ಭಾಷೆಯನ್ನು ಅಷ್ಟಿಷ್ಟು ಕಲಿತಿದ್ದ. ಆದರೆ ಬಿತ್ತನೆಯ ಕಾಲದಲ್ಲಿ ಅವನು ಬೀಜ ಹೊತ್ತು ಊರೂರು ತಿರುಗುತ್ತಿದ್ದ. ಮನೆಯ ಉಳಿದವರಿಗೆ ಸನ್ನೆ ಬರುತ್ತಿರಲಿಲ್ಲ.

ಅವರಿಗೆ ಅವಳ ಮೇಲೆ ಪ್ರೀತಿ ಇಲ್ಲದೆ ಇರಲಿಲ್ಲ. ಏನು ಹೇಳಬೇಕಾದರೂ ಅವಳೆದುರು ನಿಂತು ಕೂಗಿ ಹೇಳುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವಳು ಅತ್ತೆ. ಕೂಗಿದರೆ ಒಂದು ಚೂರಾದರೂ ಒಳಗೆ ಹೋದೀತು ಎಂಬುದು ಅವಳ ನಂಬಿಕೆ. ಮೆಲ್ಲಗೆ ಆಡಿದ್ದರೆ ತುಟಿ ನೋಡಿ ನೀಲಾಂಬಿಕೆ ಅರ್ಧವಾದರೂ ತಿಳಿದುಕೊಳ್ಳುತ್ತಿದ್ದಳು. ಕೂಗಿದಾಗ ಬಾಯಿ ಸೊಟ್ಟಗಾಗಿ ಏನೂ ತಿಳಿಯುತ್ತಿರಲಿಲ್ಲ. ತಿಳಿಯದಿದ್ದರೂ ಅವಳು ತಲೆಯಾಡಿಸುತ್ತಿದ್ದಳು. ಸೊಸೆಗೆ ತಿಳಿಯಿತೆಂದು ಅತ್ತೆ ಹೋಗುತ್ತಿದ್ದಳು.

ಹೀಗಾಗಿ ನೀಲಾಂಬಿಕೆ ಬಾಯ್ತುಂಬ ಅಲ್ಲ, ಕೈತುಂಬ ಮಾತಾಡುತ್ತಿದ್ದುದು ತಾಯಿಯ ಜೊತೆಗೆ ಮಾತ್ರ. ತಾಯಿ ಸಿರುಗುಪ್ಪದಲ್ಲಿ ಮಗನ ಮನೆಯಲ್ಲಿದ್ದಳು. ಮಧ್ಯಾಹ್ನ ಇಬ್ಬರೂ ಫೋನಿನಲ್ಲಿ ಒಬ್ಬರನ್ನೊಬ್ಬರು ನೋಡುತ್ತ ಮಾತಾಡುತ್ತಿದ್ದರು.

ಕಲ್ಲಿನ ಗೋಡೆಗಳ ಒಳಗೆ ಮೊಬೈಲಿನ ಸಿಗ್ನಲ್ ಬರುತ್ತಿರಲಿಲ್ಲ. ಪಡಸಾಲೆಯಲ್ಲಿ ವೈ-ಫೈ ಡಬ್ಬಿ ಒಂದಿತ್ತು. ಅಲ್ಲಿ ಕುಳಿತರೆ ಚಿತ್ರ ಸರಿಯಾಗಿ ಹೋಗುತ್ತಿತ್ತು. ಆದರೆ ಅದು ಅಂಗಡಿ. ರೈತರು ಬರುವರು, ದಲಾಲಿಗಳು ಬರುವರು, ನಿಂತು ನೋಡುವರು. ಬಾಯಿಯ ಮಾತನ್ನು ಪಿಸುಗುಟ್ಟಬಹುದು. ಕೈಯ ಮಾತಿಗೆ ಪಿಸುಮಾತು ಇಲ್ಲ. ಅವಳು ಫೋನು ಹಿಡಿದು ಹಿಂದಿನ ಕೋಣೆಗೆ ಹೋಗುತ್ತಿದ್ದಳು. ಅಲ್ಲಿ ಕರೆ ಕೆಡುತ್ತಿತ್ತು.

ಮಾವ ಇದನ್ನು ಗಮನಿಸಿದ. ಒಳ್ಳೆಯ ಮನುಷ್ಯ. ಹಿಂದಿನ ಕೋಣೆಗೆ ಒಂದು, ಮೇಲಿನ ಅಂತಸ್ತಿಗೆ ಒಂದು ಎಂದು ಇನ್ನೆರಡು ಡಬ್ಬಿ ತರಿಸಿದ. ಹಿರಿಯ ಮಗ ಅವನ್ನು ಗೋಡೆಗೆ ಹಾಕಿದ. ಮೂರರ ಬಲವನ್ನೂ ಪೂರ್ತಿ ಏರಿಸಿದ.

“ಹಾಕುವುದಾದರೆ ಗಟ್ಟಿಯಾಗಿಯೇ ಹಾಕಬೇಕು” ಎಂದ.

ಮನೆಯ ಯಾವ ಮೂಲೆಯಲ್ಲಿ ನಿಂತರೂ ಫೋನಿನ ಮೇಲೆ ವೈ-ಫೈ ಗೆರೆಗಳೆಲ್ಲ ತುಂಬಿ ಬಂದವು. ಎಲ್ಲರಿಗೂ ಸಂತೋಷವಾಯಿತು. ಆದರೆ ನೀಲಾಂಬಿಕೆ ಹಿಂದಿನ ಕೋಣೆಗೆ ಹೋದಾಗ ತಾಯಿ ಮೊದಲಿನಂತೆಯೇ ಹೇಳುತ್ತಿದ್ದಳು: “ನೀನು ನಿಂತುಹೋದೆ. ನಿನ್ನ ಕೈ ಆಡುತ್ತಿಲ್ಲ.” ಇತ್ತ ನೀಲಾಂಬಿಕೆಗೆ ತಾಯಿ ಸರಿಯಾಗಿಯೇ ಕಾಣುತ್ತಿದ್ದಳು. ಮನೆಯವರು ಬಂದು ಅವಳ ಫೋನು ನೋಡಿದರು. ಚಿತ್ರ ಚೆನ್ನಾಗಿತ್ತು. ತಪ್ಪು ಆ ಕಡೆಯದು ಎಂದು ಹೇಳಿ ಹೋದರು.

ಆ ವರ್ಷ ತಾಯಿಯ ಎರಡೂ ಕಣ್ಣಿಗೆ ಪೊರೆ ಬಂದಿತು. ಕಿವುಡಿಗೆ ಕಣ್ಣೇ ಕಿವಿ. ಶಸ್ತ್ರಚಿಕಿತ್ಸೆ ಮಾಡಿದರೆ ನೋಟ ಉಳಿಯುತ್ತದೆ, ತಡಮಾಡಬೇಡಿ ಎಂದು ಡಾಕ್ಟರು ಹೇಳಿದರು. ಮಗ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಅವಳು ಬಾಗಿಲಲ್ಲೇ ನಿಂತಳು. ಮಗಳನ್ನು ಕೇಳದೆ ಒಳಗೆ ಹೋಗುವುದಿಲ್ಲ ಎಂದಳು.

ಕರೆ ಬಂದಾಗ ನೀಲಾಂಬಿಕೆ ಪಡಸಾಲೆಯಲ್ಲಿ ಬೀಜ ಆರಿಸುತ್ತಿದ್ದಳು. ಫೋನು ತೆಗೆದುಕೊಂಡು ಹಿಂದಿನ ಕೋಣೆಗೆ ಓಡಿದಳು. ತಾಯಿ ಕೇಳಿದಳು: “ಕಣ್ಣು ಕೊಯ್ಯುತ್ತಾರಂತೆ. ಮಾಡಿಸಿಕೊಳ್ಳಲೇ?”

ನೀಲಾಂಬಿಕೆ ಹೇಳಿದಳು: “ಹೆದರಬೇಡ. ಮಾಡಿಸಿಕೋ.”

ಅವರ ಸನ್ನೆಯಲ್ಲಿ ಹೆದರಿಕೆ ಎಂಬುದು ಒಂದು, ಬೇಡ ಎಂಬುದು ಇನ್ನೊಂದು. ತಾಯಿಯ ಕಡೆ ಚಿತ್ರ ಆ ಎರಡನೆಯದರಲ್ಲಿ ನಿಂತುಬಿಟ್ಟಿತು. ಮಗಳ ಕೈ ಬೇಡ ಎನ್ನುತ್ತ ನಿಂತಿತ್ತು. ಮುಖ ಪಕ್ಕಕ್ಕೆ ತಿರುಗಿತ್ತು. ಪೊರೆ ಕವಿದ ಕಣ್ಣಿಗೆ ಅದು ನಿಂತುಹೋದ ಚಿತ್ರವೆಂದು ತಿಳಿಯಲಿಲ್ಲ. ತಾಯಿ ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತಲೆಯಾಡಿಸಿ, ಕಣ್ಣೊರೆಸಿಕೊಂಡು, ಕರೆ ಮುಗಿಸಿದಳು.

ನೀಲಾಂಬಿಕೆ ಆ ತಲೆಯಾಡಿಸಿದ್ದನ್ನು ಕಂಡಳು. ಅವ್ವ ಒಪ್ಪಿದಳು ಎಂದು ಸಮಾಧಾನಪಟ್ಟುಕೊಂಡು ಬೀಜ ಆರಿಸಲು ಹೋದಳು.

ಸಂಜೆ ತಮ್ಮನಿಂದ ಸುದ್ದಿ ಬಂತು. “ಅವ್ವ ಮನೆಗೆ ಬಂದುಬಿಟ್ಟಳು. ನೀನೇ ಬೇಡ ಎಂದೆಯಂತೆ.”

ನೀಲಾಂಬಿಕೆ ಅದನ್ನು ಓದಿದಳು. ತಾನು ಬೇಡ ಎನ್ನಲಿಲ್ಲ ಎಂದು ಬರೆದಳು. ತಮ್ಮ ಅದನ್ನು ತಾಯಿಗೆ ಸನ್ನೆಯಲ್ಲಿ ತಿಳಿಸಿದ. ತಾಯಿ ನಂಬಲಿಲ್ಲ. “ನನ್ನ ಮಗಳ ಕೈಯನ್ನು ನಾನೇ ನೋಡಿದ್ದೇನೆ” ಎಂದಳು. ಮರುದಿನ ನೀಲಾಂಬಿಕೆ ಪಡಸಾಲೆಯಲ್ಲೇ ನಿಂತು ಕರೆ ಮಾಡಿದಳು. ಚಿತ್ರ ನಿಲ್ಲಲಿಲ್ಲ. ಆದರೆ ಅವಳ ಬೆನ್ನ ಹಿಂದೆ ಮಾವ, ಭಾವ, ನಾಲ್ಕಾರು ಗಿರಾಕಿಗಳು ಕಾಣುತ್ತಿದ್ದರು. ತಾಯಿ ಹೇಳಿದಳು: “ಜನರ ಮುಂದೆ ಧೈರ್ಯ ಹೇಳುತ್ತಿದ್ದೀಯ. ಒಬ್ಬಳೇ ಇದ್ದಾಗ ಬೇಡ ಎಂದೆ. ನನಗೆ ಅದೇ ನಿಜ.”

ಒಬ್ಬಳೇ ಇದ್ದು ಹೇಳಬೇಕು. ಹೇಳಿದ್ದು ಪೂರ್ತಿ ಮುಟ್ಟಬೇಕು. ಬೇರೆ ದಾರಿ ಇರಲಿಲ್ಲ. ಅವಳು ಹಿಂದಿನ ಕೋಣೆಯಲ್ಲಿ ಗೋಡೆಯ ಡಬ್ಬಿಯನ್ನು ನೋಡುತ್ತ ಕುಳಿತಳು. ಭಾವನನ್ನು ಕರೆದು, ಯಾವ ಫೋನು ಯಾವ ಡಬ್ಬಿಯನ್ನು ಹಿಡಿದಿದೆ ಎಂದು ತೋರಿಸಲು ಬರೆದು ಕೇಳಿದಳು. ಅವನು ತನ್ನ ಫೋನಿನಲ್ಲಿ ತೋರಿಸಿದ. ಅವಳ ಫೋನು ಪಡಸಾಲೆಯ ಡಬ್ಬಿಯನ್ನು ಹಿಡಿದಿತ್ತು. ಕೈಗೆಟುಕುವಷ್ಟು ಹತ್ತಿರವಿದ್ದ ಡಬ್ಬಿಯನ್ನು ಯಾವ ಫೋನೂ ಹಿಡಿದಿರಲಿಲ್ಲ.

“ಹತ್ತಿರದ್ದನ್ನು ಬಿಟ್ಟು ದೂರದ್ದನ್ನು ಏಕೆ ಹಿಡಿದಿದೆ?” ಎಂದು ಅವಳು ಬರೆದಳು.

ಭಾವ ಬರೆದ: “ನೀನು ಅಲ್ಲಿಂದ ಬಂದವಳು. ಪಡಸಾಲೆಯದು ಇಲ್ಲಿಗೂ ಜೋರಾಗಿ ಕೇಳಿಸುತ್ತದೆ. ಕೇಳಿಸುವ ತನಕ ಫೋನು ಅದನ್ನು ಬಿಡುವುದಿಲ್ಲ. ಒಳ್ಳೆಯದೇ ಅಲ್ಲವೇ?”

ಅಷ್ಟರಲ್ಲಿ ಅತ್ತೆ ಬಾಗಿಲಿಗೆ ಬಂದು ಏನೋ ಕೂಗಿದಳು. ನೀಲಾಂಬಿಕೆಗೆ ತೆರೆದ ಬಾಯಿ ಕಾಣಿಸಿತು, ಮಾತು ತಿಳಿಯಲಿಲ್ಲ. ರೂಢಿಯಂತೆ ತಲೆಯಾಡಿಸಿದಳು. ಅತ್ತೆ ಹೋದಳು. ಹೋದ ಅತ್ತೆಯ ಬೆನ್ನನ್ನು ನೋಡುತ್ತ ಅವಳಿಗೆ ತಾಯಿ ತಲೆಯಾಡಿಸಿದ್ದು ನೆನಪಾಯಿತು. ತಾಯಿಗೂ ಏನೂ ಮುಟ್ಟಿರಲಿಲ್ಲ. ತಾನೂ ಅತ್ತೆಯ ಹಾಗೆಯೇ, ಅವ್ವನಿಗೆ ತಿಳಿಯಿತೆಂದು ಎದ್ದು ಹೋಗಿದ್ದಳು. ಅವಳಿಗೆ ಅಳು ಬಂತು. ಅದನ್ನು ನುಂಗಿಕೊಂಡು ಬರೆದಳು:

“ಭಾವ, ಆ ಡಬ್ಬಿಯ ಕೂಗು ಇಲ್ಲಿಗೆ ಬರುತ್ತದೆ. ಈ ಫೋನಿನ ಸಣ್ಣ ದನಿ ಅಲ್ಲಿಗೆ ಹೋಗುತ್ತದೆಯೇ?”

ಭಾವ ಅದನ್ನು ಓದಿದ. ಮತ್ತೊಮ್ಮೆ ಓದಿದ. ಆ ಪ್ರಶ್ನೆ ಅವನಿಗೆ ಹೊಳೆದೇ ಇರಲಿಲ್ಲ. ಗೆರೆಗಳು ತುಂಬಿದ್ದು ಡಬ್ಬಿಯ ದನಿ ಇಲ್ಲಿಗೆ ಬಂದುದರಿಂದ. ಇಲ್ಲಿಂದ ಹೋದ ದನಿ ಕಲ್ಲಿನ ಗೋಡೆಗಳಲ್ಲಿ ಸೊರಗಿ ಚೂರುಚೂರಾಗುತ್ತಿತ್ತು. ಅದಕ್ಕೇ ಇವಳಿಗೆ ತಾಯಿ ಕಾಣುತ್ತಿದ್ದಳು. ತಾಯಿಗೆ ಇವಳು ಕಾಣುತ್ತಿರಲಿಲ್ಲ.

“ಪಡಸಾಲೆಯದನ್ನು ತಗ್ಗಿಸಿ” ಎಂದು ಅವಳು ಬರೆದಳು.

“ತಗ್ಗಿಸಿದರೆ ಹಿಂದಕ್ಕೆ ಮುಟ್ಟುವುದಿಲ್ಲವಲ್ಲ, ನೀಲಾ.”

“ಮುಟ್ಟುವುದು ಬೇಡ. ಇಲ್ಲಿಗೆ ಇಲ್ಲಿನದು ಇದೆ.”

ಭಾವ ಪಡಸಾಲೆಯ ಡಬ್ಬಿಯ ಬಲವನ್ನು ತಗ್ಗಿಸಿದ. ಅವಳು ಅಲ್ಲಿಂದ ಫೋನು ಹಿಡಿದು ನಡೆದಳು. ನಡುಮನೆಯ ಬಾಗಿಲು ದಾಟುವಾಗ ಫೋನು ಮುಂದಿನದನ್ನು ಬಿಟ್ಟು ಹಿಂದಿನದನ್ನು ಹಿಡಿಯಿತು. ಆದರೂ ಕೆಲಸ ಪೂರ್ತಿಯಾಗಲಿಲ್ಲ. ಹಿಂದಿನ ಡಬ್ಬಿ ತನಗೆ ಬೇಕಾದುದನ್ನು ಗಾಳಿಯ ಮೂಲಕವೇ ಪಡಸಾಲೆಯ ಡಬ್ಬಿಯಿಂದ ಪಡೆಯುತ್ತಿತ್ತು. ಈಗ ಅದಕ್ಕೇ ಸಾಲದಾಯಿತು. ಚಿತ್ರ ಮತ್ತೆ ಮತ್ತೆ ತಡೆಯಿತು. ಮಾವ ಬಂದು, “ಇದ್ದದ್ದನ್ನೂ ಕೆಡಿಸಿದಿರಿ. ಮೊದಲಿನಂತೆ ಏರಿಸಿಬಿಡು” ಎಂದು ಮಗನಿಗೆ ಹೇಳಿದ. ಮಗ ಏರಿಸಲಿಲ್ಲ. ಏಣಿ ತಂದ. ನೀಲಾಂಬಿಕೆ ಏಣಿ ಹಿಡಿದಳು. ಅವನು ತೊಲೆಯ ಅಂಚಿನಲ್ಲಿ ಮುಂದಿನಿಂದ ಹಿಂದಕ್ಕೂ ಮೇಲಕ್ಕೂ ಕೇಬಲ್ ಎಳೆದ. ಮೂರೂ ಡಬ್ಬಿಗಳು ಒಂದೇ ಚಾನೆಲ್ಲಿನಲ್ಲಿ ಒಂದರ ಮೇಲೊಂದು ಮಾತಾಡುತ್ತಿದ್ದವು. ಅವಕ್ಕೆ ಬೇರೆ ಬೇರೆ ಚಾನೆಲ್ ಕೊಟ್ಟ. ಉಳಿದೆರಡರ ಬಲವನ್ನೂ ತಗ್ಗಿಸಿದ.

ಅಂದು ಮಧ್ಯಾಹ್ನ ನೀಲಾಂಬಿಕೆ ಕೋಣೆಯ ಬಾಗಿಲು ಹಾಕಿಕೊಂಡು ತಾಯಿಗೆ ಕರೆ ಮಾಡಿದಳು. ಮೊದಲು ಕೋಣೆಯನ್ನೆಲ್ಲ ತೋರಿಸಿದಳು. ಯಾರೂ ಇರಲಿಲ್ಲ. ಆಮೇಲೆ ನಿಧಾನವಾಗಿ ಹೇಳಿದಳು: “ಹೆದರಬೇಡ.” ಕೈ ನಿಲ್ಲಲಿಲ್ಲ. “ಮಾಡಿಸಿಕೋ” ಎಂದಳು. ತಾಯಿ ಫೋನಿಗೆ ಮುಖ ಹತ್ತಿಸಿ ನೋಡಿದಳು. ಇನ್ನೊಮ್ಮೆ ಹೇಳು ಎಂದಳು. ಅವಳು ಇನ್ನೊಮ್ಮೆ ಹೇಳಿದಳು.

ಆದರೆ ಈ ಸಲ ಅವಳು ತಾಯಿ ತಲೆಯಾಡಿಸಿದೊಡನೆ ಎದ್ದು ಹೋಗಲಿಲ್ಲ. “ಏನು ತಿಳಿಯಿತು? ನೀನು ಹೇಳು” ಎಂದಳು. ಹೇಳಿ, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕಾದಳು.

ತಾಯಿ ತಡೆತಡೆದು ಹೇಳಿದಳು: “ಕೊಯ್ಯುವುದಕ್ಕೆ ನನಗೆ ಹೆದರಿಕೆ ಇಲ್ಲ. ಒಂದು ಕಣ್ಣು ಕಟ್ಟುತ್ತಾರೆ. ಇನ್ನೊಂದರಲ್ಲಿ ಏನೂ ಕಾಣದು. ಆಗ ನಾನು ಯಾರ ಜೊತೆ ಮಾತಾಡಲಿ?”

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಡಾಕ್ಟರಿಗೂ ಹೇಳಿರಲಿಲ್ಲ, ಮಗನಿಗೂ ಹೇಳಿರಲಿಲ್ಲ. ಅವರು ಧೈರ್ಯ ಹೇಳುವುದರಲ್ಲೇ ಇದ್ದರು.

ನೀಲಾಂಬಿಕೆ ಹೇಳಿದಳು: “ನಾನು ಬರುತ್ತೇನೆ. ನಿನ್ನ ಕೈಯನ್ನು ನನ್ನ ಕೈಯ ಮೇಲೆ ಇಟ್ಟುಕೊಂಡು ಮಾತಾಡುತ್ತೇನೆ. ನೀನು ಮುಟ್ಟಿ ತಿಳಿದುಕೋ.”

ತಾಯಿ ಒಪ್ಪಿದಳು. ಮಾವ ತಾನೇ ನೀಲಾಂಬಿಕೆಯನ್ನು ಸಿರುಗುಪ್ಪಕ್ಕೆ ಕರೆದುಕೊಂಡು ಹೋಗಿ ಬಿಟ್ಟು ಬಂದ. ಕಣ್ಣು ಕಟ್ಟಿದ್ದಷ್ಟು ಹೊತ್ತು ಮಗಳು ತಾಯಿಯ ಪಕ್ಕ ಬಿಟ್ಟು ಏಳಲಿಲ್ಲ. ಇಬ್ಬರ ಕೈಗಳೂ ಸುಮ್ಮನಿರಲಿಲ್ಲ. ಕಟ್ಟು ಬಿಚ್ಚಿದಾಗ ತಾಯಿ ಮೊದಲು ನೋಡಿದ್ದು ಮಗಳ ಬೆರಳುಗಳನ್ನು. ಕೆಲವು ತಿಂಗಳ ಮೇಲೆ ಇನ್ನೊಂದು ಕಣ್ಣಿಗೂ ಅವಳೇ ಹೊರಟು ನಿಂತಳು.

ನೀಲಾಂಬಿಕೆ ಮನೆಗೆ ಮರಳಿದ ದಿನ ಮಾವ ಗಿರಾಕಿಗಳನ್ನು ಬಿಟ್ಟು ಎದ್ದು ಬಂದ. ಅವಳೆದುರು ಕುಳಿತ. ಕೂಗದೆ, ತುಟಿ ಕಾಣುವಂತೆ ಕೇಳಿದ: “ಅವ್ವ ಹೇಗಿದ್ದಾರೆ, ನೀಲವ್ವ?”

ಅವಳು ಬರೆಯತೊಡಗಿದಳು. ಬರೆಯುವುದು ಬಹಳ ಇತ್ತು. ಪಡಸಾಲೆಯಲ್ಲಿ ಗಿರಾಕಿಗಳು ಕರೆದರು. ಅವಳು ಮುಗಿಸುವವರೆಗೆ ಅವನು ಏಳಲಿಲ್ಲ. ಮದುವೆಯಾಗಿ ಆ ಮನೆಗೆ ಬಂದ ಮೇಲೆ ಅವಳ ಮಾತಿಗಾಗಿ ಹಾಗೆ ಒಬ್ಬರು ಕಾದು ಕುಳಿತದ್ದು ಅದೇ ಮೊದಲು. ಅತ್ತೆಗೆ ಮಾತ್ರ ಈ ರೂಢಿ ಅಷ್ಟು ಬೇಗ ಬರಲಿಲ್ಲ. ಈಗಲೂ ಒಮ್ಮೊಮ್ಮೆ ಕೂಗುತ್ತಾಳೆ. ನೀಲಾಂಬಿಕೆ ಈಗ ತಲೆಯಾಡಿಸುವುದಿಲ್ಲ. ತಿಳಿಯಲಿಲ್ಲ ಎಂದು ಕೈ ಅಲ್ಲಾಡಿಸುತ್ತಾಳೆ. ಅತ್ತೆ ಹತ್ತಿರ ಬಂದು ಮೆಲ್ಲಗೆ ಹೇಳುತ್ತಾಳೆ.

ಗುರು ಇಷ್ಟು ಹೇಳಿ ನಿಲ್ಲಿಸಿದರು.

ಶಿಷ್ಯ ಕೈಮುಗಿದು, “ಅರ್ಥವಾಯಿತು, ಗುರುಗಳೇ. ನಾಳೆಯೇ ಊರಿಗೆ ಹೋಗುತ್ತೇನೆ. ಹೋಗಿ ಜನರಿಗೆ ಏನು ಹೇಳಲಿ?” ಎಂದ.

ಗುರು ಅವನನ್ನು ನೋಡಿದರು.

“ಅರ್ಥವಾದವನು ‘ಏನು ಹೇಳಲಿ’ ಎಂದು ಕೇಳುತ್ತಾನೆಯೇ?”