ಗಿಡ್ಡ ನಳಿಗೆಯ ರಿವಾಲ್ವರ್

ಬಂಡೆಗಲ್ಲಿನ ಗುಡ್ಡಗಳ ಸೀಮೆಯಲ್ಲಿ, ಹೊಳೆಯ ದಂಡೆಯ ಮೇಲೆ, ಮಾಬುಸಾಬ ಎಂಬ ಉಸ್ತಾದರಿದ್ದರು. ಕಾಡು ಕಾಯುವವರಿಗೆ ಬಂದೂಕು ಕಲಿಸುವುದು ಅವರ ಕೆಲಸ.

ಹೊಳೆಗೆ ಬೆನ್ನು ಮಾಡಿ ನಿಂತರೆ ಎದುರಿಗೆ ಎತ್ತರದ ಮಣ್ಣಿನ ದಿಬ್ಬ. ಹೊಡೆದ ಗುಂಡುಗಳೆಲ್ಲ ಅದರೊಳಗೆ ಹೋಗಿ ಸೇರುತ್ತಿದ್ದವು. ಉಸ್ತಾದರು ಸೈ ಅಂದ ಮೇಲೆಯೇ ಇಲಾಖೆಯವರು ಯಾರ ಹೆಸರಿಗಾದರೂ ರಿವಾಲ್ವರ್ ಬರೆಯುತ್ತಿದ್ದರು.

ಒಂದು ಮುಂಜಾನೆ ಹುಲಿಗೆಮ್ಮ ಬಂದಳು. ಆ ಗುಡ್ಡಗಳ ಅರಣ್ಯಾಧಿಕಾರಿ. ವಯಸ್ಸು ಚಿಕ್ಕದು, ನಡಿಗೆ ಗಟ್ಟಿ.

"ಉಸ್ತಾದ್ರ, ನನಗೊಂದು ರಿವಾಲ್ವರ್ ಬೇಕ್ರಿ. ಎಲ್ಲಾದ್ರಕಿಂತ ದೊಡ್ಡ ಗುಂಡಿಂದು, ಎಲ್ಲಾದ್ರಕಿಂತ ಗಿಡ್ಡ ನಳಿಗೀದು."

"ಯಾಕವ್ವ?"

ಹುಲಿಗೆಮ್ಮ ಹೇಳಿದಳು. ಹೋದ ಮಳೆಗಾಲದಲ್ಲಿ ಅವಳ ಮುಂದೆ ನಡೆಯುತ್ತಿದ್ದ ಕಾವಲುಗಾರ ಕನಕಪ್ಪನ ಮೇಲೆ ಕಲ್ಲಿನ ಸಂದಿಯಿಂದ ಕರಡಿ ಬಿದ್ದಿತ್ತು. ಅವಳ ಹೆಗಲಲ್ಲಿ ಉದ್ದನೆಯ ರೈಫಲ್ ಇತ್ತು. ಎಳೆದುಕೊಳ್ಳಲು ಹೋದರೆ ಅದರ ಪಟ್ಟಿ ಜಾಲಿಯ ಮುಳ್ಳಿಗೆ ಸಿಕ್ಕಿತು. ಬಿಡಿಸಿಕೊಳ್ಳುವಷ್ಟರಲ್ಲಿ ಕರಡಿ ಹೋಗಿಯಾಗಿತ್ತು. ಕನಕಪ್ಪನ ಒಂದು ಕಣ್ಣೂ ಹೋಗಿತ್ತು.

"ಬಂದೂಕು ಕೈಗೆ ಬರೂದ್ರಾಗ ಎಲ್ಲಾ ಮುಗಿದಿತ್ರಿ. ಅದಕ್ಕ ಸೊಂಟದಾಗ ಇರೂವಂಥಾದ್ದು ಬೇಕು. ಹೊಡದ್ರ ಕರಡಿ ಅಲ್ಲೇ ಕೂಡಬೇಕು, ಅಂಥಾದ್ದು."

ಉಸ್ತಾದರು ಜಮಖಾನ ಹಾಸಿ ಅದರ ಮೇಲೆ ಮೂರು ರಿವಾಲ್ವರ್ ಇಟ್ಟರು. ಮೂರರದ್ದೂ ದಪ್ಪ ಗುಂಡು.

ಒಂದರ ನಳಿಗೆ ಗೇಣುದ್ದ. ಒಂದು ಗಿಡ್ಡ, ಆದರೆ ಮೈತುಂಬ ಉಕ್ಕು. ಅದರ ನಳಿಗೆ ನಡುಬೆರಳಿನಷ್ಟು. ಇನ್ನೊಂದು ಅದಕ್ಕಿಂತಲೂ ಗಿಡ್ಡ, ಹೆಬ್ಬೆರಳಿನಷ್ಟು, ಎತ್ತಿದರೆ ಖಾಲಿ ತಂಬಿಗೆಯಷ್ಟು ಹಗುರ.

ಹುಲಿಗೆಮ್ಮನ ಕೈ ಹಗುರವಾದದ್ದರ ಕಡೆಗೆ ಹೋಯಿತು.

"ಈಗ ಆರಿಸಬ್ಯಾಡ," ಅಂದರು ಉಸ್ತಾದರು. "ಮೂರೂ ಖಾಲಿ ಅದಾವ. ದಿನಕ್ಕೊಂದು ಕಟ್ಕೊಂಡು ನಿನ್ನ ಕೆಲಸ ಮಾಡು. ಮಾಡಿ ಬಾ."

ಉದ್ದನೆಯದನ್ನು ಕಟ್ಟಿಕೊಂಡ ದಿನ ಜೀಪಿನಲ್ಲಿ ಕೂತಾಗ ನಳಿಗೆಯ ತುದಿ ಸೀಟಿಗೆ ಸಿಕ್ಕಿ ಹಿಡಿ ಪಕ್ಕೆಗೆ ತಿವಿಯಿತು. ಬಂಡೆ ಹತ್ತುವಾಗ ತೊಡೆಗೆ ಬಡಿಯಿತು. ಉಕ್ಕಿನದನ್ನು ಕಟ್ಟಿಕೊಂಡ ದಿನ ಸಂಜೆಗೆ ಸೊಂಟದ ಚರ್ಮ ಕೆಂಪಾಗಿತ್ತು. ಹಗುರವಾದದ್ದು ಮಾತ್ರ ತನ್ನ ಪಾಡಿಗೆ ತಾನಿತ್ತು.

ಅವಳು ಬಂದು ಹೇಳಿದಳು. "ಹಗೂರಂದು ನಂದ್ರಿ. ಸೊಂಟದಾಗ ಐತೋ ಇಲ್ಲೋ ಅನ್ನೂದ ಮರ್ತುಹೋತು."

"ಇಷ್ಟು ದಿನ ಕೇಳಿದ್ದು ನಿನ್ನ ಸೊಂಟನ್ನ," ಅಂದರು ಉಸ್ತಾದರು. "ಈಗ ಕೈಯನ್ನ ಕೇಳೂಣು."

ಅವಳು ಹಗುರವಾದದ್ದಕ್ಕೆ ತೋಟಾ ತುಂಬಿ, ಕಿವಿಗೆ ಹತ್ತಿ ಇಟ್ಟುಕೊಂಡು ಗುರಿಹಲಗೆಯ ಎದುರು ನಿಂತಳು. ಹೊಡೆದಳು.

ನಳಿಗೆಯ ಬಾಯಿಂದ ಬೆಂಕಿ ಹಾರಿತು. ಶಬ್ದ ಎದೆಗೆ ಬಡಿಯಿತು. ಕೈ ತಲೆಯ ಮೇಲಕ್ಕೆ ಹೋಯಿತು. ಹೆಬ್ಬೆರಳಿನ ಬುಡದಲ್ಲಿ ಚರ್ಮ ಕಿತ್ತು ರಕ್ತ ಬಂತು. ಹಲಗೆಗೆ ಏನೂ ಆಗಿರಲಿಲ್ಲ.

ಅವಳು ಹಲ್ಲು ಕಚ್ಚಿ ಮತ್ತೊಂದು ಹೊಡೆದಳು. ಹಲಗೆಯ ಮುಂದೆ, ನೆಲದಲ್ಲಿ, ಧೂಳೆದ್ದಿತು.

"ಕೊಡು ಇಲ್ಲೆ," ಅಂದರು ಉಸ್ತಾದರು. ಬೆನ್ನು ತಿರುಗಿಸಿ ತಾವೇ ತೋಟಾ ತುಂಬಿ ಕೊಟ್ಟರು. "ಈಗ ಹೊಡಿ."

ಅವಳು ಟ್ರಿಗರ್ ಎಳೆದಳು. ಟಿಕ್ ಅಂತು, ಅಷ್ಟೆ. ತೋಟಾ ಕೂರುವ ಆ ಮನೆಯನ್ನು ಉಸ್ತಾದರು ಬೇಕೆಂದೇ ಖಾಲಿ ಬಿಟ್ಟಿದ್ದರು. ಆದರೂ ನಳಿಗೆಯ ಮೂತಿ ನೆಲದ ಕಡೆ ಬಾಗಿಬಿಟ್ಟಿತ್ತು.

"ನೋಡಿದ್ಯಾ? ಗುಂಡು ಇರಲಿಲ್ಲ. ನೀ ಹೆದರಿದಿ."

"ಹೆದರಿಲ್ರಿ."

ಉಸ್ತಾದರು ರಿವಾಲ್ವರ್ ಇಸಿದುಕೊಂಡರು. ಮತ್ತೆ ತುಂಬಿ ಕೊಟ್ಟರು. ಮತ್ತೆ ಟಿಕ್. ಮೂತಿ ಮತ್ತೆ ಬಾಗಿತು.

ಹುಲಿಗೆಮ್ಮ ತನ್ನ ಕೈಯನ್ನೇ ನೋಡುತ್ತ ನಿಂತಳು. ಆಮೇಲೆ ನಕ್ಕುಬಿಟ್ಟಳು.

"ಹೆದರೇನ್ರಿ."

"ಯಾರಿಗೆ? ಕರಡಿಗೇನು?"

"ಕರಡಿ ಎಲ್ಲೈತ್ರಿ ಇಲ್ಲಿ? ಇದಕ್ಕ."

"ಎರಡೆರಡು ಹೆದರಿಕಿ ಹೊತ್ಕೊಂಡು ಗುಡ್ಡ ಹತ್ತಬ್ಯಾಡ," ಅಂದರು ಉಸ್ತಾದರು. ಹಗುರವಾದ ರಿವಾಲ್ವರನ್ನು ಪೆಟ್ಟಿಗೆಯೊಳಗೆ ಇಟ್ಟು ಬೀಗ ಹಾಕಿದರು. ಉಕ್ಕಿನದನ್ನು ಅವಳ ಮುಂದೆ ಇಟ್ಟರು.

"ಇದು ಸೊಂಟಕ್ಕ ಭಾಳ ಭಾರ್ರಿ."

"ಹೌದು. ಸೊಂಟ ಬೈಕೊಂತ ಹೊತ್ತ ಭಾರ ಕೈಗೆ ಆಸರ ಆಗತೈತಿ. ಹೊಡೆದು ನೋಡು."

ಹೊಡೆದಳು. ಪೆಟ್ಟು ಬಂತು. ಆದರೆ ಯಾರೋ ಅಂಗೈ ಇಟ್ಟು ಜೋರಾಗಿ ದೂಡಿದ ಹಾಗೆ ಬಂತು. ಹಲಗೆಯ ಮೂಲೆಯಲ್ಲಿ ತೂತು ಬಿತ್ತು.

ಅವಳ ಮುಖ ಅರಳಿತು. ಉಸ್ತಾದರು ಹಲಗೆಯನ್ನು ನೋಡಲಿಲ್ಲ. ಅವಳ ಬೆರಳುಗಳನ್ನು ನೋಡುತ್ತಿದ್ದರು. ಕಟ್ಟಿಗೆಯ ಹಿಡಿ ಅವಳ ಅಂಗೈಗೆ ತೆಳುವಾಗಿತ್ತು. ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ಹಿಡಿಯ ಮೇಲೆ ಬಿಗಿಯಾಗಿ ಏರಿಸಿದರು. ಸಣ್ಣ ಪಟ್ಟಿಯ ಬದಲು ನಾಲ್ಕು ಬೆರಳು ಅಗಲದ ಪಟ್ಟಿ ಕೊಟ್ಟರು. ಭಾರ ಸೊಂಟದ ಸುತ್ತ ಹಂಚಿಹೋಯಿತು.

ಆಮೇಲೆ ಬಹಳ ದಿನ ಅವಳಿಗೆ ಗುಂಡೇ ಕೊಡಲಿಲ್ಲ.

ಖಾಲಿ ರಿವಾಲ್ವರಿನ ನಳಿಗೆಯ ಮೇಲೆ ಒಂದು ಹುಣಸೆ ಬೀಜ ಇಡುತ್ತಿದ್ದರು. ಬೀಜ ಬೀಳದ ಹಾಗೆ ಟ್ರಿಗರ್ ಎಳೆಯಬೇಕು. ಉದ್ದಕ್ಕೆ, ಒಂದೇ ಸಮ, ಬಾವಿಯಿಂದ ತುಂಬಿದ ಕೊಡ ಸೇದುವ ಹಾಗೆ. ಬೀಜ ಬೀಳುತ್ತಿತ್ತು. ಅವಳು ಆರಿಸಿ ಇಡುತ್ತಿದ್ದಳು. ಬೀಳುತ್ತಿತ್ತು. ಇಡುತ್ತಿದ್ದಳು.

ಒಂದು ದಿನ ಬೀಳಲಿಲ್ಲ. ಮರುದಿನ ಉಸ್ತಾದರು ತೋಟಾ ಕೊಟ್ಟರು.

ಹುಲಿಗೆಮ್ಮ ಕೇಳಿದಳು. "ಉಸ್ತಾದ್ರ, ಇದು ಎಷ್ಟು ದೂರ ಹೊಡೀತೈತ್ರಿ?"

ಉಸ್ತಾದರು ಒಂದು ಬೆಣಚುಕಲ್ಲು ಎತ್ತಿಕೊಂಡು, ಕೂಸಿಗೆ ಚೆಂಡು ಕೊಡುವ ಹಾಗೆ ಮೆಲ್ಲಗೆ ಎಸೆದರು. ಅದು ಅಲ್ಲೇ ಮುಂದೆ ಬಿತ್ತು.

"ಅಲ್ಲಿಗೆ."

"ಅಷ್ಟ ಏನ್ರಿ? ಇಷ್ಟು ದೊಡ್ಡ ಗುಂಡು!"

"ಗುಂಡು ದಿಬ್ಬ ಇಲ್ಲಂದ್ರ ಊರು ದಾಟಿ ಹೋಗತೈತಿ. ನಿನ್ನ ಕೈ ಆ ಕಲ್ಲಿನತನಕ ಅಷ್ಟ ಹೋಗತೈತಿ. ಗಿಡ್ಡ ನಳಿಗ್ಯಾಗ ಇಲ್ಲಿ ಕೂದಲೆಳಿ ತಪ್ಪಿದ್ರ ಅಲ್ಲಿ ಗೇಣು ತಪ್ಪತೈತಿ."

"ಹಂಗಾರ ಕರಡಿ ದೂರ ಇದ್ರ?"

"ದೂರ ಇದ್ರ ಅದು ಅದರ ಪಾಡಿಗೆ, ನೀ ನಿನ್ನ ಪಾಡಿಗೆ."

ಕೊನೆಗೆ ಕರಡಿಯ ಬದಲಿಗೆ ಲಾರಿಯ ಟೈರು ಬಂತು. ಅದರ ನಡುವೆ ಹಲಗೆ ಬಿಗಿದು, ದಿಬ್ಬದ ನೆತ್ತಿಯಲ್ಲಿ ಗೂಟಕ್ಕೆ ಆನಿಸಿ ನಿಲ್ಲಿಸಿದರು. ಗೂಟಕ್ಕೆ ಕಟ್ಟಿದ ಹಗ್ಗದ ತುದಿ ಹಿಡಿದು ಉಸ್ತಾದರು ಹುಲಿಗೆಮ್ಮನ ಹಿಂದೆ ನಿಂತರು. ಯಾವಾಗ ಎಳೆಯುತ್ತೇನೆಂದು ಹೇಳಲಿಲ್ಲ.

ಟೈರು ಓರೆಯಾಗಿ, ಹಲಗೆ ಕಾಣುವ ಹಾಗೆ, ಉರುಳಿ ಬಂತು. ಅವಳು ರಿವಾಲ್ವರ್ ಎಳೆದು ಇದ್ದಬದ್ದ ಗುಂಡನ್ನೆಲ್ಲ ಹಾರಿಸಿದಳು. ಟೈರು ಅವಳ ಮೊಣಕಾಲಿಗೆ ಉಜ್ಜಿಕೊಂಡು ಹೊಳೆಯ ಕಡೆ ಹೋಯಿತು. ಹಲಗೆಯಲ್ಲಿ ಒಂದು ತೂತೂ ಇರಲಿಲ್ಲ.

"ಎಲ್ಲಿಗೆ ಹೊಡದಿ?"

"ಟೈರಿಗೆ ಹೊಡದೇನ್ರಿ."

"ಟೈರಿನಾಗ ಎಲ್ಲಿಗೆ?"

ಅವಳು ಹೊಳೆಯ ಕಡೆ ಹೋಗಿ ಟೈರು ಉರುಳಿಸಿಕೊಂಡು ಬಂದಳು.

ಉಸ್ತಾದರು ಇದ್ದಿಲಿನಿಂದ ಹಲಗೆಯ ನಡುವೆ ರೊಟ್ಟಿಯಷ್ಟು ಗುಂಡನೆಯ ಗುರುತು ಬರೆದರು. ಮತ್ತೆ ಹಗ್ಗ ಎಳೆದರು. ಆ ದಿನ, ಮರುದಿನ, ಅದರ ಮರುದಿನ. ಬರಬರುತ್ತ ಹುಲಿಗೆಮ್ಮನಿಗೆ ಟೈರು ಕಾಣುವುದೇ ನಿಂತಿತು. ಇದ್ದಿಲ ಗುರುತು ಮಾತ್ರ ಕಾಣುತ್ತಿತ್ತು. ಅವಳು ಅವಸರ ಮಾಡುವುದನ್ನು ಬಿಟ್ಟಳು. ಒಂದು ದಿನ ಒಂದೇ ಗುಂಡು ಹೊಡೆದು ಪಕ್ಕಕ್ಕೆ ಸರಿದಳು. ಇದ್ದಿಲ ಗುರುತಿನೊಳಗೆ ತೂತು ಬಿದ್ದಿತ್ತು.

"ಈಗರ ಸೈ ಅನ್ರಿ, ಉಸ್ತಾದ್ರ."

"ತಗೊಂಡು ಹೋಗು, ಸದ್ಯಕ್ಕ ನನ್ನ ಹೆಸರಿನ್ಯಾಗ ಇರಲಿ. ಸೈ ಆಮೇಲೆ ಅಂತೀನಿ."

ಅವಳಿಗೆ ಸ್ವಲ್ಪ ಬೇಸರವಾಯಿತು. ಆದರೂ ಕಟ್ಟಿಕೊಂಡು ಹೋದಳು.

ಬೇಸಿಗೆ ಬಂತು. ಒಂದು ಮಧ್ಯಾಹ್ನ ಹುಲಿಗೆಮ್ಮ ಮತ್ತು ಕಾವಲುಗಾರ ದುರಗಪ್ಪ ಗುಡ್ಡದ ಮೇಲೆ ಬಂಡೆಯ ನೆರಳಿನಲ್ಲಿ ಬುತ್ತಿ ಬಿಚ್ಚಿ ಕೂತಿದ್ದರು. ದುರಗಪ್ಪ ಕೈ ತೊಳೆಯಲು ನೀರಿನ ಬಾಟಲಿ ಹಿಡಿದು ಎದ್ದು ಎರಡು ಹೆಜ್ಜೆ ಮೇಲಕ್ಕೆ ನಡೆದ. ಮೇಲಿನಿಂದ ಕರಡಿ ಇಳಿದು ಬಂತು.

ಅವನಿಗೆ ಕೂಗಲೂ ಆಗಲಿಲ್ಲ. ಕರಡಿ ಅವನನ್ನು ಕೆಡವಿ ಮೇಲೆ ಬಿದ್ದಿತ್ತು.

ರಿವಾಲ್ವರ್ ಯಾವಾಗ ಕೈಗೆ ಬಂತೋ ಹುಲಿಗೆಮ್ಮನಿಗೆ ಗೊತ್ತಾಗಲಿಲ್ಲ. ಎದುರಿಗೆ ಕಪ್ಪು ಕೂದಲು, ಖಾಕಿ ಅಂಗಿ, ಮತ್ತೆ ಕಪ್ಪು ಕೂದಲು. ಯಾವುದು ಕರಡಿ, ಯಾವುದು ದುರಗಪ್ಪ? ನಿಂತಲ್ಲಿಂದ ಹೊಡೆದರೆ ಯಾರಿಗೆ ತಾಗುತ್ತದೆ?

ಅವಳು ನಿಂತಲ್ಲಿಂದ ಹೊಡೆಯಲಿಲ್ಲ. ಕರಡಿಯ ಕಡೆಗೆ ಓಡಿದಳು.

ಅದರ ಉಸಿರಿನ ವಾಸನೆ ಮೂಗಿಗೆ ಬರುವಷ್ಟು ಹತ್ತಿರ ಹೋದಳು. ಪಕ್ಕದಿಂದ, ಗುಂಡು ದುರಗಪ್ಪನ ಕಡೆ ಹೋಗದ ಹಾಗೆ, ಮುಂಗಾಲಿನ ಹಿಂದೆ ನಳಿಗೆ ಮುಟ್ಟಿಸಿದಳು. ಉದ್ದಕ್ಕೆ, ಒಂದೇ ಸಮ ಎಳೆದಳು. ಮತ್ತೊಮ್ಮೆ ಎಳೆದಳು.

ಕರಡಿ ಹೊರಳಿ ಬಿತ್ತು. ಏಳಲಿಲ್ಲ.

ದುರಗಪ್ಪನ ತೋಳು ಹರಿದಿತ್ತು. ಬುತ್ತಿಯ ಬಟ್ಟೆ ಬಿಗಿದು ಕಟ್ಟಿ, ಅವನನ್ನು ಹೆಗಲಿಗೆ ಆನಿಸಿಕೊಂಡು ಅವಳು ಗುಡ್ಡ ಇಳಿದಳು. ಅವನು ಬದುಕಿದ.

ಊರವರು ಅವಳಿಗೆ ಹಾರ ಹಾಕಿದರು. ಹೊಸದಾಗಿ ಸೇರಿದ ಕಾವಲುಗಾರರು ಕರಡಿ ಹೊಡೆದ ರಿವಾಲ್ವರ್ ಮುಟ್ಟಿ ನೋಡಲು ಬಂದರು. ದುರಗಪ್ಪನ ಹೆಂಡತಿ ಬಂದು ಅವಳ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದಳು.

ಹುಲಿಗೆಮ್ಮ ತಲೆ ಎತ್ತಿಕೊಂಡು ಉಸ್ತಾದರ ಹತ್ತಿರ ಹೋದಳು.

"ಕೈ ನಡುಗಲಿಲ್ರಿ. ಹತ್ತಿರ ಹೋದೆ. ಎಲ್ಲಿಗೆ ಹೊಡೀಬೇಕೋ ಅಲ್ಲಿಗೇ ಹೊಡದೆ."

"ಚಲೋ ಮಾಡಿದಿ," ಅಂದರು ಉಸ್ತಾದರು. "ಒಬ್ಬನ ಜೀವ ಉಳಿಸಿದಿ." ಅವರ ಕಣ್ಣಲ್ಲಿ ಸಂತೋಷವಿತ್ತು. ಆಮೇಲೆ ಕೇಳಿದರು. "ಕರಡಿ ಯಾಕ ಬಂತು?"

"ಯಾಕ ಅಂದ್ರ? ಕರಡಿ ಅಂದಮ್ಯಾಲ ಬರತೈತ್ರಿ."

ಉಸ್ತಾದರು ಚಪ್ಪಲಿ ಮೆಟ್ಟಿಕೊಂಡರು. "ನಡಿ," ಅಂದರು.

ವಯಸ್ಸಾದ ಉಸ್ತಾದರು ನಿಧಾನವಾಗಿ ಗುಡ್ಡ ಹತ್ತಿದರು. ಅವಳು ಜೊತೆಗೆ ಹತ್ತಿದಳು. ಬಂಡೆಯ ಮೇಲೆ ರಕ್ತದ ಕಲೆ ಇನ್ನೂ ಇತ್ತು.

"ಅವತ್ತು ಎಲ್ಲಿ ಕುಂತಿದ್ದಿ, ಅಲ್ಲೇ ಕೂಡು."

ಕೂತಳು.

"ನೋಡು."

"ಏನು ನೋಡಲ್ರಿ?"

ಉಸ್ತಾದರು ಆಚೆ ಹೋಗಿ ಬೆನ್ನು ಮಾಡಿ ಕೂತರು.

ಹುಲಿಗೆಮ್ಮ ನೋಡಿದಳು. ಮೊದಲು ಬರೀ ಕಲ್ಲು ಕಂಡಿತು. ಆಮೇಲೆ ಮೇಲುಗಡೆ ಎರಡು ಬಂಡೆಗಳ ನಡುವೆ ಕತ್ತಲೆಯ ಸಂದಿ ಕಂಡಿತು. ಕೆಳಗಡೆ ಕಲ್ಲಿನ ತಗ್ಗಿನಲ್ಲಿ ಅಂಗಳದಷ್ಟೂ ಇಲ್ಲದ ನೀರು ಕಂಡಿತು. ಸುತ್ತಲಿನ ಗುಡ್ಡಗಳಲ್ಲಿ ಆ ಬೇಸಿಗೆಗೆ ಉಳಿದ ನೀರು ಅಷ್ಟೇ ಎಂದು ಅವಳಿಗೆ ಗೊತ್ತಿತ್ತು. ಸಂದಿಯಿಂದ ನೀರಿಗೆ ಇಳಿಯುವ ಜಾಡಿನ ಕಲ್ಲುಗಳು ಸವೆದು ನುಣುಪಾಗಿದ್ದವು. ಕಲ್ಲಿನ ಅಂಚಿಗೆ ಕಪ್ಪು ಕೂದಲು ಅಂಟಿತ್ತು. ಪಕ್ಕದಲ್ಲಿ ಬೀಜ ತುಂಬಿದ ಒಣ ಹಿಕ್ಕೆ.

ಆ ಜಾಡು ಅವಳು ಕೂತ ಜಾಗದ ಮೇಲೆಯೇ ಹಾದುಹೋಗಿತ್ತು.

ಅವಳು ಎದ್ದು ಜಾಡಿನಿಂದ ಪಕ್ಕಕ್ಕೆ ಸರಿದಳು.

"ಅದು ನೀರು ಕುಡಿಯಾಕ ಹೊಂಟಿತ್ರಿ, ಉಸ್ತಾದ್ರ. ನಾವು ಅದರ ಬಾಗಲದಾಗ ಕುಂತು ಉಂಡೀವಿ."

ಉಸ್ತಾದರು ತಿರುಗಿ ನೋಡಲಿಲ್ಲ. ಅವಳು ಕಣ್ಣು ಒರೆಸಿಕೊಂಡಳು.

ಮರುದಿನವೇ ಅವಳು ಕಾವಲುಗಾರರನ್ನೆಲ್ಲ ಗುಡ್ಡಕ್ಕೆ ಕರೆದುಕೊಂಡು ಬಂದಳು. ಸಂದಿ, ನೀರು, ಜಾಡು, ಮೂರನ್ನೂ ಒಬ್ಬೊಬ್ಬರಿಗೆ ತೋರಿಸಿದಳು. ಗಸ್ತಿನ ದಾರಿಯನ್ನು ಗುಡ್ಡದ ಹಿಂಭಾಗಕ್ಕೆ, ಬಯಲಿನ ಕಡೆಗೆ ತಿರುಗಿಸಿ ಕಲ್ಲುಗಳಿಗೆ ಸುಣ್ಣ ಬಳಿಸಿದಳು. ನಡೆಯುವಾಗ ಮಾತಾಡಿರಿ, ಕೋಲಿನಿಂದ ಕಲ್ಲು ಬಡಿಯುತ್ತ ಹೋಗಿರಿ, ನೆರಳು ಕಂಡಲ್ಲೆಲ್ಲ ಕೂಡಬೇಡಿರಿ ಎಂದು ಹೇಳಿದಳು. ಉಳಿದ ಗುಡ್ಡಗಳನ್ನೂ ಹಾಗೆಯೇ ಕೂತು ನೋಡಿದಳು. ಬೇಸಿಗೆ ಮುಗಿಯುವಷ್ಟರಲ್ಲಿ ಅವಳ ಸೀಮೆಯ ದಾರಿಗಳೆಲ್ಲ ಬೇರೆಯಾಗಿದ್ದವು.

ಆಮೇಲೆ ಹೊಳೆಯ ದಂಡೆಗೆ ಬಂದು ಎಲ್ಲವನ್ನೂ ಹೇಳಿದಳು.

ಉಸ್ತಾದರು ಕಣ್ಣು ಮುಚ್ಚಿ ಕೇಳಿದರು. ಕೇಳಿ ಮುಗಿದ ಮೇಲೆ "ಸೈ" ಅಂದರು.

ಹುಲಿಗೆಮ್ಮ ಸೊಂಟದ ಪಟ್ಟಿ ಬಿಚ್ಚಿದಳು. ರಿವಾಲ್ವರಿನ ತೋಟಾಗಳನ್ನು ತೆಗೆದು, ಖಾಲಿ ಮಾಡಿ, ಅವರ ಮುಂದೆ ಇಟ್ಟಳು.

"ಇನ್ನ ಇದು ಇಲ್ಲೇ ಇರಲ್ರಿ. ನಮ್ಮವರ್ಯಾರೂ ಕರಡಿ ದಾರ್ಯಾಗ ಹೋಗೂದಿಲ್ಲ. ದಾರಿನ ಬದಲಾಗೇತಲ್ರಿ."

ಉಸ್ತಾದರು ತೋಟಾಗಳನ್ನು ಒಂದೊಂದಾಗಿ ಎತ್ತಿ ಅವಳ ಅಂಗೈಗೆ ಹಾಕಿದರು.

"ಕಟ್ಕೋ ಹುಲಿಗೆವ್ವ. ದಾರಿ ಬದಲಾಗೇತಿ ಅಂತ ಕರಡಿಗೆ ಯಾರು ಹೇಳ್ಯಾರ?"