ಗಡ್ಡೆ ಕೋಡು ಬರೆದ ಗುರುಮಲ್ಲ

ಕೇಳ್ರಪ್ಪಾ, ಕೇಳ್ರವ್ವಾ. ದೇವ್ರು ಬುದ್ಧಿ ಹಂಚ್ತಿದ್ದ ದಿನ ಗುರುಮಲ್ಲನೂ ಸಾಲಲ್ಲಿದ್ದ. "ಅಲ್ಲೇ ನಿಂತಿರಪ್ಪ" ಅಂದ್ರಂತೆ ಯಾರೋ. ಅಲ್ಲೇ ನಿಂತ. ದೇವ್ರು ಹಂಚಿ ಮುಗಿಸಿ, ಖಾಲಿ ಚೀಲ ಕೊಡವಿ, ಮನೆಗೆ ಹೋದ. ಇವ್ನು ಅಲ್ಲೇ ನಿಂತಿದ್ದ!

ಅವ್ನ ಅವ್ವ ಪುಟ್ಟಮಾದಮ್ಮ ಮಾತ್ರ ಚುರುಕಂದ್ರೆ ಚುರುಕು. ಪಟ್ಟಣದ ದೊಡ್ಡಾಸ್ಪತ್ರೇಲಿ ಕೋಡು ಹಾಕೋ ಕೆಲಸ. ಬಸ್ಸಿಗೆ ನಂಬರ್ ಇರುತ್ತಲ್ಲ, ಹಂಗೆ ಒಂದೊಂದು ಕಾಯಿಲೆಗೂ ಒಂದೊಂದು ಕೋಡು. ಡಾಕ್ಟ್ರ ಕೋಳಿಕಾಲು ಅಕ್ಷರ ಓದಿ, ಕೋಡು ಹಾಕಿ, ಇನ್ಶೂರೆನ್ಸಿನೋರಿಗೆ ಕಳಿಸ್ಬೇಕು. ತಲೆ ಒಳಗಿನ ನರದ ಮೇಲೆ ಸಾದಾ ಗಡ್ಡೆ, ಕ್ಯಾನ್ಸರ್ ಅಲ್ಲದ್ದು, ಅಂದ್ರೆ ಸಾಕು, "ಡಿ ಮೂವತ್ಮೂರು ಪಾಯಿಂಟ್ ಮೂರು!" ಅನ್ನೋಳು, ಸಾಸಿವೆ ಸಿಡಿದಂಗೆ.

ಆದ್ರೆ ಅವಳಿಗೆ ರಿಟೈರ್ ಆಗೋ ಕಾಲ ಬಂತು. ಮಗ ನಿಂತ ಕಡೆ ಕೆಲಸ ನಿಲ್ಲಲ್ಲ. ಸೂಪರಿಂಟೆಂಡೆಂಟ್ ಸಾಹೇಬ್ರ ಮುಂದೆ ಕೈ ಮುಗಿದ್ಲು.

"ಒಂದು ತಿಂಗಳು ನೋಡ್ತೀನಿ ಪುಟ್ಟಮಾದಮ್ಮ. ಸರಿಹೋದ್ರೆ ನಿಮ್ಮ ಕುರ್ಚಿ ಅವನದು. ಇಲ್ಲಾಂದ್ರೆ ಗೇಟು!"

ಅವ್ವ ಮಗನ ಕಿವಿ ಹಿಂಡಿ ಹೇಳಿದ್ಲು. "ನೋಡೋ ಮಲ್ಲ, ಡಾಕ್ಟ್ರ ಬಾಯಿಂದ ಏನು ಬಂದ್ರೂ ಒಂದಕ್ಷರ ಬಿಡದೆ ಬರ್ಕೊ."

"ಆಯ್ತು ಕಣವ್ವಾ, ಹಂಗೇ ಮಾಡ್ತೀನಿ!"

ಕೆಂಪದೇವಮ್ಮ ಅಂತ ಒಬ್ಬಾಕೆ ಬಂದಿದ್ಲು. ಎಡಗಿವಿ ಗುಂಯ್ ಅನ್ನುತ್ತೆ, ಮಾತು ಕೇಳಲ್ಲ. ಡಾಕ್ಟರ್ ಉತ್ತಯ್ಯ ಸ್ಕ್ಯಾನ್ ನೋಡಿ ಹೇಳ್ತಾ ಹೋದ್ರು, ಮಲ್ಲ ಬರೀತಾ ಹೋದ. "ಎಡಗಿವಿ ನರದ ಮೇಲೆ ಗಡ್ಡೆ. ಥೂ, ಈ ಫ್ಯಾನ್ ತಿರುಗಲ್ವಲ್ಲ. ಆಪರೇಷನ್ ಮಾಡ್ಬೇಕು. ಯಾವನ್ರೀ ಉಪ್ಪಿಟ್ಟು ಮಾಡಿದ್ದು, ಉಪ್ಪೇ ಇಲ್ಲ. ಆಕ್ಷೀ!"

ಇನ್ಶೂರೆನ್ಸಿನೋರು ಫೋನ್ ಮಾಡಿದ್ರು. "ಮೇಡಂ, ಉಪ್ಪಿಲ್ಲದ ಉಪ್ಪಿಟ್ಟು ಯಾವ ಚಿಕಿತ್ಸೆ?"

"ಅಯ್ಯೋ ಮುಟ್ಠಾಳ!" ಅವ್ವ ಹಣೆ ಚಚ್ಕೊಂಡ್ಲು. "ಗಡ್ಡೆ ಅಂದ್ರೆ ಮೂರೇ ಮಾತು ಕಣೋ. ಎಲ್ಲಿದೆ, ಯಾವ ಕಡೆ, ಸಾದಾನೋ ಹರಡೋದೋ. ಅಷ್ಟೇ ಬರಿ!"

"ಆಯ್ತು ಕಣವ್ವಾ, ಹಂಗೇ ಮಾಡ್ತೀನಿ!"

ಮಾರನೇ ದಿನ ಸಿಸ್ಟರು, "ಕೆಂಪದೇವಮ್ಮನ ಜೊತೆ ಯಾರ್ಯಾರಿದ್ದಾರೆ, ಬರ್ಕೊಂಡು ಬಾ" ಅಂದ್ರು. ಹೋದ. ನೋಡ್ದ. ಬರೆದ. ಬರೆದದ್ದನ್ನ ವಾರ್ಡಲ್ಲೇ ಜೋರಾಗಿ ಓದ್ದ ಬೇರೆ!

"ತಂಗಿ. ಬೆಂಚಿನ ಮೇಲೆ. ಬಲಗಡೆ. ಸಾದಾ. ಅತ್ತೆ. ಮಂಚದ ಕಾಲ್ದೆಸೆ. ಎಡಗಡೆ. ಹರಡೋ ಜಾತಿ!"

ಕೆಂಪದೇವಮ್ಮ ಕಿವಿ ಗುಂಯ್ ಅಂತಿದ್ರೂ ಕಿಸಕ್ಕಂದ್ಲು. "ಸ್ಕ್ಯಾನೇ ಇಲ್ದೆ ಕಂಡುಹಿಡಿದ್ಬಿಟ್ಟ ಕಣ್ರೀ!" ಅತ್ತೆ ಫ್ಲಾಸ್ಕ್ ಎತ್ಕೊಂಡು ಅಟ್ಟಿಸ್ಕೊಂಡು ಬಂದ್ಲು.

"ಲೋ, ಸ್ವಭಾವ ಹೇಳೋಕೆ ನೀನ್ಯಾವನೋ?" ಅವ್ವ ಬೈದ್ಲು. "ಗಡ್ಡೇನ ಒಂದು ಚೂರು ಕತ್ತರಿಸಿ ಲ್ಯಾಬಿಗೆ ಕಳಿಸ್ಬೇಕು. ಅವರು ಹೇಳೋತನಕ ಏನು ಕೇಳಿದ್ರೂ 'ಸ್ವಭಾವ ಗೊತ್ತಾಗಿಲ್ಲ' ಅನ್ಬೇಕು!"

"ಆಯ್ತು ಕಣವ್ವಾ, ಹಂಗೇ ಮಾಡ್ತೀನಿ!"

ಅವತ್ತೇ ಸಾಹೇಬ್ರ ರೂಮಿಗೆ ಬೀಗರಾಗೋರು ಬಂದಿದ್ರು, ಮಗಳ ಸಂಬಂಧ ಮಾತಾಡೋಕೆ. ಫೈಲ್ ಹಿಡ್ಕೊಂಡು ಮಲ್ಲ ಹೋದ. ಸಾಹೇಬ್ರು ಮೀಸೆ ತಿರುವಿ, "ಹೇಳಪ್ಪಾ, ಹೆದರ್ಬೇಡ, ನಾನು ಎಂಥ ಮನುಷ್ಯ?" ಅಂದ್ರು.

"ಸ್ವಭಾವ ಗೊತ್ತಾಗಿಲ್ಲ ಸಾರ್. ಒಂದು ಚೂರು ಕತ್ತರಿಸಿ ಲ್ಯಾಬಿಗೆ ಕಳಿಸ್ಬೇಕು!"

ಬೀಗರ ಕಾಫಿ ಮೂಗಿಗೆ ಹತ್ತಿತು. ಸಾಹೇಬ್ರು ಕೆಂಪಾಗಿ, "ಪುಟ್ಟಮಾದಮ್ಮಾ! ಇನ್ನೊಂದೇ ಒಂದು ತಪ್ಪು, ಗೇಟು!" ಅಂದ್ರು.

ಅವ್ವ ಅಳ್ತಾ ಅಂದ್ಲು. "ಬಾಯಿ ಮಾತಿಗೆ ಇಲ್ಲಿ ಬೆಲೆ ಇಲ್ಲ ಕಣಪ್ಪ. ಬಾಯಿ ಮುಚ್ಕೊಂಡು ಕಾಗದ ನೋಡು. ಬರ್ದಿದ್ರೆ ಆಗಿದೆ. ಬರ್ದಿಲ್ಲಾಂದ್ರೆ ಆಗೇ ಇಲ್ಲ!"

"ಆಯ್ತು ಕಣವ್ವಾ, ಹಂಗೇ ಮಾಡ್ತೀನಿ!"

ಕೆಂಪದೇವಮ್ಮನ ಆಪರೇಷನ್ ಆಯ್ತು. ಗಡ್ಡೆ ಲ್ಯಾಬಿಗೆ ಹೋಗಿ ಸಾದಾ ಅಂತಲೂ ಬಂತು. ಮಲ್ಲ ಫೈಲ್ ತೆಗೆದ. ಈ ಕಡೆ ತಿರುವಿದ, ಆ ಕಡೆ ತಿರುವಿದ. ಆಪರೇಷನ್ ಮಾಡಿದ್ದು ಎಲ್ಲೂ ಇಲ್ಲ! ಉತ್ತಯ್ಯನೋರು ಬರೆಯೋದೇ ಮರೆತಿದ್ರು. ಗಾಲಿಕುರ್ಚಿ ತಳ್ಕೊಂಡು ವಾರ್ಡಿಗೆ ಬಂದ.

"ಅಕ್ಕಾ, ಏಳಿ. ನಿಮ್ಗೆ ಆಪರೇಷನ್ ಆಗಿಲ್ಲ."

ಕೆಂಪದೇವಮ್ಮ ಇಡ್ಲಿ ತಿಂತಿದ್ಲು. "ಆಗಿಲ್ವಾ? ಕಿವಿ ಹಿಂದೆ ಈ ಹೊಲಿಗೆ ಏನೋ? ಬ್ಲೌಸ್‌ದಾ?"

"ಹೊಲಿಗೆ ಇರ್ಬೋದು ಅಕ್ಕಾ. ಆಪರೇಷನ್ ಆಗಿಲ್ಲ. ಬನ್ನಿ, ಇಡ್ಲಿ ಅಲ್ಲೇ ತಿನ್ನಿ."

ಹುಷಾರಾಗಿ ಕೂರಿಸಿ, ಥಿಯೇಟರ್ ಬಾಗಿಲಿಗೇ ತಳ್ಕೊಂಡು ಹೋದ. ಉತ್ತಯ್ಯನೋರು ಹೊರಗೆ ಬಂದ್ರು. "ಏನೋ ಇದು?"

"ಈ ಅಕ್ಕಂಗೆ ಆಪರೇಷನ್ ಮಾಡಿ ಸಾರ್. ಬರ್ದಿಲ್ಲ, ಆಗಿಲ್ಲ."

"ನಾನೇ ಮಾಡಿದ್ದೀನಲ್ಲೋ!"

"ಎಲ್ಲಿ ಸಾರ್?"

ಡಾಕ್ಟ್ರು ಫೈಲ್ ನೋಡಿದ್ರು, ಕೆಂಪದೇವಮ್ಮನ್ನ ನೋಡಿದ್ರು, ಬೆವತ್ರು. ಅಲ್ಲೇ ಗೋಡೆಗೆ ಫೈಲ್ ಒತ್ತಿ ಹಿಡಿದು, ಎಲ್ಲಿ, ಯಾವ ಕಡೆ, ಏನು ತೆಗೆದದ್ದು, ಎಲ್ಲಾ ಬರೆದ್ರು. ಅಕ್ಷರ ಅಂದ್ರೆ ಮುತ್ತು!

ಅಲ್ಲಿಂದಾಚೆ ನೋಡ್ಬೇಕು ಆಸ್ಪತ್ರೇನ! ಗ್ಲೌಸ್ ಬಿಚ್ಚೋಕೆ ಮುಂಚೆ ಪೆನ್ನು ಹುಡುಕೋರು. "ಬರೀರೀ ಬೇಗ, ಮಲ್ಲ ಪೇಶೆಂಟ್ ವಾಪಸ್ ತಂದ್ಬಿಡ್ತಾನೆ!" ಇನ್ಶೂರೆನ್ಸಿಂದ ಒಂದು ಫೈಲೂ ತಿರುಗಿ ಬರ್ಲಿಲ್ಲ. ದೊಡ್ಡ ದೊಡ್ಡ ಸರ್ಕ್ಯುಲರ್ ಮಾಡಲಾಗದ್ದನ್ನ ಒಂದು ಗಾಲಿಕುರ್ಚಿ ಮಾಡ್ತು, ಭೇಷ್ ಅನ್ರಪ್ಪ! ಇನ್ಶೂರೆನ್ಸಿನೋರೇ ಫೋನ್ ಮಾಡಿ ಹೊಗಳಿದ್ರು. ಪುಟ್ಟಮಾದಮ್ಮ ಸೆರಗು ಬಾಯಿಗಿಟ್ಟು ಮಗನ್ನೇ ನೋಡ್ತಾ ಕೂತ್ಲು, ಮೊದಲನೇ ಸಲ ನೋಡಿದಂಗೆ.

ಸಾಹೇಬ್ರು ಕರೆಸಿದ್ರು. "ಶಹಬ್ಬಾಸ್ ಕಣೋ! ಕುರ್ಚಿ ನಿಂದೇ. ನೀನು ಹುಟ್ಟಿದ ಸರ್ಟಿಫಿಕೇಟ್ ತಂದುಕೊಡು, ನಾಳೆಯಿಂದ ಪರ್ಮನೆಂಟು!"

ಮಲ್ಲ ಓಡ್ದ. "ಅವ್ವಾ, ನಾನು ಹುಟ್ಟಿದ್ದು ಎಲ್ಲಿ ಬರ್ದೈತೆ?"

"ಎಲ್ಲಿ ಬರ್ಸೋದು ಮಗಾ! ನೀನು ಹುಟ್ಟಿದ್ದು ಸಂತೆಯಿಂದ ಬರ್ತಾ, ಎತ್ತಿನ ಗಾಡೀಲಿ. ಯಾರೂ ಬರೀಲಿಲ್ಲ."

ಮಲ್ಲನ ಮುಖ ಬಿಳಿಚ್ಕೊಂತು. ಯೋಚಿಸ್ದ. ಗಾಲಿಕುರ್ಚಿ ತಂದ. ಅವ್ವನ್ನ ಹುಷಾರಾಗಿ ಕೂರಿಸ್ದ. ಅವಳು, "ಎಲ್ಲಿಗೋ? ಎಲ್ಲಿಗೋ?" ಅಂತಿದ್ದಂಗೇ ತಳ್ಕೊಂಡು ಹೋಗಿ ಹೆರಿಗೆ ವಾರ್ಡಿನ ಬಾಗಿಲು ಬಡಿದ.

"ಸಿಸ್ಟರ್, ಸಿಸ್ಟರ್! ಒಂದು ಬೆಡ್ ಕೊಡಿ. ನಮ್ಮವ್ವ ನನ್ನ ಹೆರಬೇಕು. ಸ್ವಲ್ಪ ಬೇಗ, ನಾಳೆ ಡ್ಯೂಟಿ ಐತೆ!"